ತುಳುಕುವ ಮದ್ದು

ಎಚ್ಚರವೆಂಬುದು ಮನುಷ್ಯನ ಗುಣವೋ, ಅವನು ಮಾಡಿಕೊಂಡ ಏರ್ಪಾಡೋ? ವೇದಾಂತಿಗಳ ಜಗಲಿಯಲ್ಲಿ ಹುಟ್ಟಬೇಕಾದ ಈ ಪ್ರಶ್ನೆ ಅಮೆರಿಕದ ಬೇಟೆಗಾರರ ಮನೆಯ ಷೆಡ್ಡುಗಳಲ್ಲಿಯೂ ಹುಟ್ಟುತ್ತದೆ. ಅಲ್ಲಿ ಹಲವರು ತಮ್ಮ ರೈಫಲಿನ ತೋಟಾಗಳನ್ನು ತಾವೇ ತುಂಬಿಕೊಳ್ಳುವುದುಂಟು. ಒಮ್ಮೆ ಹಾರಿಸಿದ ಹಿತ್ತಾಳೆಯ ಕೊಳವೆಗೆ ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಮೇಲೆ ಗುಂಡನ್ನು ಒತ್ತುತ್ತಾರೆ. ತೂಕ ಗ್ರೇನುಗಳಲ್ಲಿ, ಪೌಂಡಿಗೆ 7,000 ಗ್ರೇನು. ಕಷ್ಟವಿರುವುದು ಯಾವ ಮದ್ದು ಎಂದು ಆರಿಸುವುದರಲ್ಲಿ.

ಹಿಂದೆ ಈ ಕಷ್ಟ ಅಷ್ಟಿರಲಿಲ್ಲ. ಪೆಟ್ಲುಪ್ಪು, ಗಂಧಕ, ಇದ್ದಲು ಬೆರೆಸಿದ ಕರಿಮದ್ದನ್ನು ಕೊಳವೆ ತುಂಬ ಸುರಿದರೆ ಅದೇ ಅಳತೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ ಮೇಲೆ ಸ್ವಲ್ಪದರಲ್ಲಿಯೇ ಬಹಳ ಬಲ ಅಡಗಿತು. ಈಗ ಬೇಗ ಉರಿಯುವುವು, ನಿಧಾನವಾಗಿ ಉರಿಯುವುವು ಎಂದು ಹತ್ತಾರು ಬಗೆ. ಹಗುರವಾದ ಈಡಿಗೆ ಬೇಗ ಉರಿಯುವ ಮದ್ದು ಚಿಟಿಕೆಯಷ್ಟಿದ್ದರೆ ಸಾಕು. ಒಂದು ಪೌಂಡಿನಲ್ಲಿ ಬೇಕಾದಷ್ಟು ತೋಟಾ. ಲೆಕ್ಕಾಚಾರದ ಗೃಹಸ್ಥನಿಗೆ ಇನ್ನೇನು ಬೇಕು?

ಆದರೆ ಆ ಚಿಟಿಕೆ ಕೊಳವೆಯ ತಳದಲ್ಲಿ ಅಡಗಿ ಕೂರುತ್ತದೆ. ನಡುವೆ ಬಾಗಿಲಲ್ಲಿ ಯಾರೋ ಕರೆದರೆನ್ನಿ. ಮರಳಿ ಬಂದು ಅದೇ ಕೊಳವೆಗೆ ಇನ್ನೊಮ್ಮೆ ಸುರಿದರೂ ತುಳುಕುವುದಿಲ್ಲ. ಅತ್ತೆಯೂ ಸೊಸೆಯೂ ಒಂದೇ ಸಾರಿಗೆ ಉಪ್ಪು ಹಾಕಿದ ಹಾಗೆ. ಸಾರಾದರೆ ನಾಲಗೆಗೆ ತಿಳಿಯುತ್ತದೆ. ಇಲ್ಲಿ ತಿಳಿಯುವುದು ಕೋವಿ ಒಡೆದ ಮೇಲೆ. ನಿಧಾನದ ಮದ್ದಾದರೋ ಕೊಳವೆಯನ್ನು ಹೆಚ್ಚುಕಡಮೆ ತುಂಬುತ್ತದೆ. ಎರಡನೆಯ ಸಲ ಸುರಿದರೆ ಮೇಜಿನ ಮೇಲೆ ಚೆಲ್ಲುತ್ತದೆ. ಎರಡನೆಯ ಮಹಾಯುದ್ಧದ ಬಳಿಕ, 1940ರ ದಶಕದ ಕೊನೆಯಲ್ಲಿ, ಕ್ಯಾನ್ಸಾಸಿನ ಬ್ರೂಸ್ ಹಾಡ್ಜ್‌ಡನ್ ಸರ್ಕಾರದಲ್ಲಿ ಮಿಕ್ಕಿದ್ದ ಮದ್ದನ್ನು ಕೊಂಡು ಬೇಟೆಗಾರರಿಗೆ ಅಗ್ಗವಾಗಿ ಮಾರಿದರು. ಅದರಲ್ಲಿ 4831 ಎಂಬುದು ಇಂಥ ನಿಧಾನದ ಜಾತಿ. 20 ಮಿಲಿಮೀಟರ್ ಫಿರಂಗಿಗೆಂದು ಮಾಡಿದ್ದು ಜಿಂಕೆಯ ಬೇಟೆಗೆ ಬಂತು!

‘ನಾನು ಎಚ್ಚರವಾಗಿರುತ್ತೇನೆ, ನನಗೇಕೆ ಈ ಕಾವಲು?’ ಎನ್ನುವವರುಂಟು. ಕಾವಲಿದ್ದಲ್ಲಿ ಬುದ್ಧಿ ಸೋಮಾರಿಯಾಗುತ್ತದೆ ಎಂದೂ ಅವರು ವಾದಿಸಿಯಾರು. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಆದರೂ ನೂರು ತೋಟಾ ತುಂಬುವವನ ಎಚ್ಚರ ನೂರು ಸಲವೂ ಒಂದೇ ಸಮನಾಗಿ ಇರಬೇಕಲ್ಲ! ಪಣಕ್ಕಿಟ್ಟದ್ದು ಅವನ ಕಣ್ಣೊಂದೇ ಆಗಿದ್ದರೆ ಅವನ ಇಷ್ಟವೆಂದು ಬಿಡಬಹುದಿತ್ತು. ಪಕ್ಕದಲ್ಲಿ ನಿಂತು ಗುರಿ ಕಲಿಯುತ್ತಿರುವ ಮಗನ ಕಣ್ಣೂ ಪಣದಲ್ಲಿದೆ. ಆ ಹುಡುಗನನ್ನು ಯಾರೂ ಕೇಳಿಲ್ಲ.

ಹಾಗೆಂದು ತುಂಬಿದ ಕೊಳವೆ ಎಲ್ಲ ತಪ್ಪನ್ನೂ ಹಿಡಿಯಲಾರದು. ಒಂದು ಮದ್ದಿನ ಬದಲು ಇನ್ನೊಂದನ್ನು ಸುರಿದರೆ ಅದೇನು ಮಾಡೀತು? ಕಾಳುಗಳೆಲ್ಲ ನೋಡುವುದಕ್ಕೆ ಸುಮಾರಾಗಿ ಒಂದೇ ಬೂದುಗಪ್ಪು. ಆದ್ದರಿಂದ ಮೇಜಿನ ಮೇಲೆ ಒಂದೇ ಡಬ್ಬಿ ಇರಬೇಕೆಂಬುದು ಬಲ್ಲವರ ನಿಯಮ. ಹೆಸರಿನ ಚೀಟಿ ಕಿತ್ತುಹೋದ ಡಬ್ಬಿಯಲ್ಲಿ ಎಷ್ಟೇ ಉಳಿದಿರಲಿ, ಮುಟ್ಟಿ ಮೂಸಿ ಗುರುತು ಹಿಡಿಯುತ್ತೇನೆನ್ನದೆ, ಬಯಲಿನಲ್ಲಿ ತೆಳ್ಳಗೆ ಹರವಿ ದೂರದಿಂದ ಸುಟ್ಟುಬಿಡುತ್ತಾರೆ. ಪೌಂಡಿಗೆಷ್ಟು ತೋಟಾ ಎಂದು ಎಣಿಸುತ್ತ ಬಂದವನಿಗೆ ಈ ಕೆಲಸ ಸುಲಭವಲ್ಲ.