ಮಾತಿಗಿಂತ ಮೊದಲು ತಲುಪುವ ದನಿ

‘ಆಯ್ತು’ ಎಂಬುದು ನಾವು ದಿನಕ್ಕೆ ಹತ್ತಾರು ಬಾರಿ ಆಡುವ ಮಾತು. ನಗುತ್ತಾ ಹೇಳಿದರೆ ಅದು ಒಪ್ಪಿಗೆ. ಮುಖ ತಿರುಗಿಸಿ ಹೇಳಿದರೆ ಅಸಮಾಧಾನ. ಅಧಿಕಾರಿಯೊಬ್ಬರು ಕಡತದಿಂದ ತಲೆಯೆತ್ತದೆ ಹೇಳಿದರೆ ‘ಇನ್ನು ಹೊರಡಿ’ ಎಂಬ ಅಪ್ಪಣೆ. ಶಬ್ದ ಒಂದೇ, ಅರ್ಥ ಮೂರು. ಈ ವ್ಯತ್ಯಾಸವನ್ನು ನಮಗೆ ಯಾರೂ ಕಲಿಸಿಲ್ಲ. ಮಾತು ಕಲಿಯುವುದಕ್ಕೆ ಮೊದಲೇ ಮಗು ತಾಯಿಯ ದನಿಯನ್ನು ಅರ್ಥ ಮಾಡಿಕೊಳ್ಳುತ್ತದೆ.

ಆದರೆ ಚರ್ಚೆಗೆ ಕುಳಿತಾಗ ನಾವು ಇದನ್ನು ಮರೆತುಬಿಡುತ್ತೇವೆ. ನಮ್ಮ ವಾದ ಸರಿಯಿದ್ದರೆ ಸಾಕು, ಅದನ್ನು ಹೇಗೆ ಹೇಳಿದರೇನು ಎಂದುಕೊಳ್ಳುತ್ತೇವೆ. ಊರಿನ ಒಂದು ಕಮಿಟಿಯ ಸಭೆಯನ್ನು ನೆನೆಯೋಣ. ‘ಕಳೆದ ವರ್ಷದ ಲೆಕ್ಕ ಎಲ್ಲಿ?’ ಎಂದು ಸದಸ್ಯರೊಬ್ಬರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಕೇಳಿದ ದನಿಯಲ್ಲಿ ‘ನೀವು ತಿಂದಿದ್ದೀರಿ’ ಎಂಬುದು ಸೇರಿಕೊಂಡಿದ್ದರೆ ಕಾರ್ಯದರ್ಶಿ ಉತ್ತರ ಕೊಡುವುದು ಲೆಕ್ಕದ ಪ್ರಶ್ನೆಗಲ್ಲ, ಆ ಆರೋಪಕ್ಕೆ. ಆ ಕ್ಷಣದಿಂದ ಅವರಿಗೆ ಲೆಕ್ಕಪುಸ್ತಕ ತೆರೆಯುವುದಕ್ಕಿಂತ ಮಾನ ಉಳಿಸಿಕೊಳ್ಳುವುದೇ ಮುಖ್ಯವಾಗುತ್ತದೆ. ಸಭೆ ಮುಗಿಯುತ್ತದೆ, ಎರಡು ಬಣಗಳಾಗುತ್ತವೆ, ಲೆಕ್ಕ ಮಾತ್ರ ಹಾಗೆಯೇ ಉಳಿಯುತ್ತದೆ. ಆಸ್ತಿ ಪಾಲಿನ ಮಾತುಕತೆಯಲ್ಲಿ ಅಣ್ಣ ತಮ್ಮಂದಿರು ದೂರವಾಗುವುದೂ ಎಷ್ಟೋ ಸಲ ಒಂದು ತುಂಡು ಭೂಮಿಗಾಗಿ ಅಲ್ಲ, ಆ ದಿನ ಆಡಿದ ರೀತಿಗಾಗಿ.

ಬರಹದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಮೊಬೈಲಿನಲ್ಲಿ ಬಂದ ‘ಸರಿ’ ಎಂಬ ಎರಡಕ್ಷರಕ್ಕೆ ದನಿಯಿಲ್ಲ. ಓದುವವನೇ ಅದಕ್ಕೆ ದನಿ ಕೊಡುತ್ತಾನೆ. ಅವನ ಮನಸ್ಸು ಮೊದಲೇ ಕಹಿಯಾಗಿದ್ದರೆ ಆ ಕಹಿಯೇ ಕಳುಹಿಸಿದವನ ದನಿಯಾಗಿ ಕೇಳಿಸುತ್ತದೆ.

ಹಾಗಾದರೆ ಭಾವನೆಗಳನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಚರ್ಚೆಗೆ ಬರಬೇಕೇ? ಹಲವರು ಹಾಗೆಯೇ ಉಪದೇಶಿಸುತ್ತಾರೆ. ನಮಗೆ ಅದು ಸರಿಯೆನಿಸುವುದಿಲ್ಲ. ಭೂಮಿ ಕಳೆದುಕೊಂಡವನು ಗುಮಾಸ್ತನಂತೆ ಮಾತಾಡಲಾರ. ಅವನ ದನಿ ನಡುಗಿದರೆ ಅದು ಅವನ ವಾದದ ದೋಷವಲ್ಲ. ಕಳೆದುಕೊಂಡದ್ದು ಅವನಿಗೆ ಎಷ್ಟು ದೊಡ್ಡದೆಂಬುದರ ಸುಳಿವು. ಅರಿವಿಗೆ ಅಡ್ಡಿಯಾಗುವುದು ಭಾವನೆಯಲ್ಲ, ತಿರಸ್ಕಾರ. ನೋವು ‘ನನ್ನ ಮಾತು ಕೇಳು’ ಎನ್ನುತ್ತದೆ. ತಿರಸ್ಕಾರ ‘ನೀನು ಕೇಳಲೂ ಯೋಗ್ಯನಲ್ಲ’ ಎನ್ನುತ್ತದೆ. ಎರಡೂ ಏರಿದ ದನಿಯಲ್ಲಿ ಬರಬಹುದು. ತಿರಸ್ಕಾರವಂತೂ ಬಹಳ ಮೆತ್ತಗೆ, ನಗುಮುಖದಿಂದಲೂ ಬರಬಲ್ಲದು.

ನೋವನ್ನು ಬಚ್ಚಿಡದೆ, ತಿರಸ್ಕಾರಕ್ಕೆ ಎಡೆಗೊಡದೆ ಭಿನ್ನಮತ ತೋರಿಸಬಹುದೇ? ನಮ್ಮ ದೇಶದ ಚರಿತ್ರೆಯಲ್ಲೇ ಇದಕ್ಕೆ ಒಂದು ಉತ್ತರವಿದೆ. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪ ಸಂಭವಿಸಿತು. ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಗಾಂಧೀಜಿ ಹೇಳಿದರು. ರವೀಂದ್ರನಾಥ ಟಾಗೋರರಿಗೆ ಆಘಾತವಾಯಿತು. ಅಸ್ಪೃಶ್ಯತೆಯನ್ನು ಅವರೂ ವಿರೋಧಿಸುತ್ತಿದ್ದರು. ಆದರೆ ಪ್ರಕೃತಿಯ ವಿಕೋಪಕ್ಕೆ ಪ್ರಕೃತಿಯಲ್ಲೇ ಕಾರಣವಿರುತ್ತದೆ, ಅದಕ್ಕೆ ನೀತಿಯನ್ನು ಗಂಟು ಹಾಕಿದರೆ ನಾಳೆ ಎದುರಾಳಿಗಳೂ ಅದೇ ಭೂಕಂಪವನ್ನು ಗಾಂಧೀಜಿಯವರ ವಿರುದ್ಧ ಬಳಸಬಹುದು ಎಂಬುದು ಅವರ ವಾದ. ಅವರು ತಮ್ಮ ನೋವನ್ನು ಮುಚ್ಚಿಡಲಿಲ್ಲ. ದೇಶದ ಜನರನ್ನು ಭಯದಿಂದ ಬಿಡಿಸಿದವರೇ ಇಂತಹ ಮಾತಾಡಿದ್ದು ತಮಗೆ ನೋವು ತಂದಿದೆ ಎಂಬ ಧಾಟಿಯಲ್ಲಿ ಬರೆದರು. ಟೀಕೆಯೊಳಗೇ ಗೌರವವೂ ಇತ್ತು.

ಗಾಂಧೀಜಿ ಏನು ಮಾಡಿದರು? ಆ ಟೀಕೆಯನ್ನು ಫೆಬ್ರವರಿ 16ರ ತಮ್ಮ ‘ಹರಿಜನ್’ ಪತ್ರಿಕೆಯಲ್ಲೇ ಪ್ರಕಟಿಸಿದರು. ಜೊತೆಗೆ ತಮ್ಮ ಉತ್ತರವನ್ನೂ ಕೊಟ್ಟರು. ಅವರು ತಮ್ಮ ನಿಲುವು ಬದಲಿಸಲಿಲ್ಲ, ಟಾಗೋರರೂ ಬದಲಿಸಲಿಲ್ಲ. ಆದರೆ ಒಬ್ಬರು ಹೇಳಿದ್ದು ಏನೆಂದು ಇನ್ನೊಬ್ಬರಿಗೆ ಸ್ಪಷ್ಟವಾಗಿ ತಿಳಿದಿತ್ತು. 1936ರಲ್ಲಿ ವಿಶ್ವಭಾರತಿಗಾಗಿ ಹಣ ಕೂಡಿಸಲು ಟಾಗೋರರು ಇಳಿವಯಸ್ಸಿನಲ್ಲಿ ಅಲೆಯುತ್ತಿದ್ದಾಗ 60,000 ರೂಪಾಯಿ ದೊರಕಿಸಿಕೊಟ್ಟವರೂ ಗಾಂಧೀಜಿಯೇ. ಅರ್ಥ ಮಾಡಿಕೊಳ್ಳುವುದೆಂದರೆ ಒಪ್ಪಿಕೊಳ್ಳುವುದೆಂದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ಆದರೆ ಅವರಿಬ್ಬರೂ ಸಮಾನರು. ಒಬ್ಬನ ಕೈಯಲ್ಲಿ ಅಧಿಕಾರವಿದ್ದು, ಇನ್ನೊಬ್ಬನ ಕೈಯಲ್ಲಿ ದೂರು ಮಾತ್ರ ಇರುವಾಗ? ಆಗ ‘ಮೊದಲು ಸರಿಯಾಗಿ ಮಾತಾಡಲು ಕಲಿ, ಆಮೇಲೆ ನಿನ್ನ ಅಹವಾಲು ಕೇಳುತ್ತೇನೆ’ ಎನ್ನುವುದು ಸುಲಭ. ಅದು ಶಿಷ್ಟಾಚಾರದಂತೆ ಕಾಣುತ್ತದೆ, ನಿಜದಲ್ಲಿ ನ್ಯಾಯದಿಂದ ತಪ್ಪಿಸಿಕೊಳ್ಳುವ ದಾರಿ. ಹದೀಸ್ ಗ್ರಂಥಗಳಲ್ಲಿ ಒಂದು ಘಟನೆಯಿದೆ. ಪ್ರವಾದಿಯವರು(ಸ) ಒಬ್ಬನಿಂದ ಒಂಟೆಯೊಂದನ್ನು ಸಾಲವಾಗಿ ಪಡೆದಿದ್ದರು. ಅವನು ಬಂದು ಒರಟಾಗಿ ಮರಳಿ ಕೇಳಿದ. ಸಂಗಡಿಗರು ಅವನ ಮೇಲೆ ಸಿಡಿದೇಳಲು ಹೊರಟರು. ಪ್ರವಾದಿಯವರು ಅವರನ್ನು ತಡೆದರು; ಹಕ್ಕು ಇರುವವನಿಗೆ ಮಾತಾಡುವ ಅಧಿಕಾರವೂ ಇದೆಯೆಂದು ತಿಳಿಹೇಳಿದರು. ಅಷ್ಟೇ ಅಲ್ಲ, ಅವನಿಗೆ ಸಲ್ಲಬೇಕಾದುದಕ್ಕಿಂತ ಉತ್ತಮವಾದ ಒಂಟೆಯನ್ನು ಕೊಡಿಸಿದರು. ಅಲ್ಲಿ ಅವನ ದನಿಯ ವಿಚಾರಣೆ ನಡೆಯಲಿಲ್ಲ. ಬಾಕಿ ತೀರಿತು.

ಮೃದುವಾಗಿ ಮಾತಾಡುವುದು ಒಳ್ಳೆಯ ಗುಣ, ಸಂದೇಹವಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಆ ಗುಣವನ್ನು ನಾವು ಯಾರಿಂದ ನಿರೀಕ್ಷಿಸುತ್ತೇವೆ? ನಮ್ಮ ಕೋಪ ನಮಗೆ ನ್ಯಾಯದ ಆಗ್ರಹವಾಗಿ ಕಾಣುತ್ತದೆ; ಎದುರಿನವರ ಕೋಪ ಅಹಂಕಾರವಾಗಿ ಕಾಣುತ್ತದೆ. ಈ ತಕ್ಕಡಿಯನ್ನು ತಿರುಗಿಸಿ ಹಿಡಿಯಬೇಕಾಗಿದೆ. ಮೃದುತ್ವವನ್ನು ನಮ್ಮ ನಾಲಗೆಯಿಂದ ಕೇಳೋಣ, ತಾಳ್ಮೆಯನ್ನು ನಮ್ಮ ಕಿವಿಯಿಂದ ಕೇಳೋಣ. ಎದುರಿನವರ ದನಿ ಏರಿದಾಗ ‘ಇವರು ಯಾಕೆ ಕೂಗುತ್ತಿದ್ದಾರೆ?’ ಎಂದು ಸಿಡುಕುವ ಬದಲು ಅದೇ ಪ್ರಶ್ನೆಯನ್ನು ನಿಜವಾದ ಪ್ರಶ್ನೆಯಾಗಿ ಕೇಳಿಕೊಳ್ಳೋಣ. ಉತ್ತರ ಸಿಗುವುದು ಆಗಲೇ.