ದೇಹಬಲವೂ ಅಹಿಂಸಾವ್ರತವೂ

ದೀಪಾಂಜಲಿ ನಗರದ ನಮ್ಮ ಮನೆಯಲ್ಲಿ ಈಚೆಗೆ ಒಂದು ಧರ್ಮಸಂಕಟ ತಲೆದೋರಿತು. ಹದಿನೇಳರ ಪ್ರಾಯದ ನನ್ನ ಮೊಮ್ಮಗನು ಕರಾಟೆ ಕಲಿಯುತ್ತಿದ್ದಾನೆ. ತೂಕ 52 ಕಿಲೋ. ಒಂದು ರಾತ್ರಿ ನನ್ನ ಬಳಿ ಕುಳಿತು, “ತಾತ, ಮೊಟ್ಟೆ ತಿನ್ನದೆ ಮೈ ತುಂಬಿಕೊಳ್ಳುವುದಿಲ್ಲವೆಂದು ಮಾಸ್ಟರ್ ಹೇಳುತ್ತಾರೆ. ಏನು ಮಾಡಲಿ?” ಎಂದು ಕೇಳಿದನು. ಮನೆಯವರು ಕರಾಟೆಯನ್ನೇ ಬಿಡು ಎಂದರು. ಹಾಗೆ ಹೇಳಲು ನನಗೆ ಮನಸ್ಸಾಗಲಿಲ್ಲ.

ಮೊದಲು ಲೆಕ್ಕವನ್ನು ನೋಡಿದೆವು. ವ್ಯಾಯಾಮದಿಂದ ಸ್ನಾಯು ಬೆಳೆಸಬಯಸುವವನಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನು ಸಾಕೆಂಬುದು ಇಂದಿನ ತಿಳಿವು. ಇವನಿಗೆ ಅದು 83 ಗ್ರಾಂ ಆಗುತ್ತದೆ. ನೂರು ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 24, ಐವತ್ತು ಗ್ರಾಂ ಸೋಯಾದಲ್ಲಿ 25, ಐವತ್ತು ಗ್ರಾಂ ಕಡಲೆಕಾಯಿ ಬೀಜದಲ್ಲಿ 12, ಅರ್ಧ ಲೀಟರ್ ಹಾಲಿನಲ್ಲಿ 16 ಗ್ರಾಂ ದೊರೆಯುತ್ತದೆ. ಉಳಿದುದನ್ನು ರಾಗಿ, ಅಕ್ಕಿ, ಗೋಧಿಗಳು ತುಂಬುತ್ತವೆ. ಮೊಟ್ಟೆಯ ಮಾತು ಅಲ್ಲಿಗೆ ಮುಗಿಯಿತು.

ರಾತ್ರಿಭೋಜನದ ಪ್ರಶ್ನೆ ಅಷ್ಟು ಸುಲಭವಾಗಿರಲಿಲ್ಲ. ಅಭ್ಯಾಸ ಮುಗಿಯುವಾಗ ಸೂರ್ಯಾಸ್ತವಾಗಿ ಬಹಳ ಹೊತ್ತಾಗಿರುತ್ತದೆ. ದಣಿದ ಹುಡುಗನಿಗೆ ಹಸಿವೆಯೋ ತಡೆಯಲಾರದಷ್ಟು. ಕಡೆಗೆ ಅವನೇ ಬೆಳಗಿನ ತರಗತಿಗೆ ಸೇರಿಕೊಂಡನು. ಗೆಳೆಯರ ಜೊತೆ ತಪ್ಪಿತು. ಏನನ್ನೂ ಕಳೆದುಕೊಳ್ಳದೆ ಪಾಲಿಸುವುದು ಅಭ್ಯಾಸವಾದೀತು, ವ್ರತವಾಗಲಾರದು.

ಮುಖ್ಯವಾದ ಪ್ರಶ್ನೆ ಇನ್ನೂ ಉಳಿದಿದೆ. ಹೊಡೆಯುವ ವಿದ್ಯೆಗಾಗಿ ದೇಹವನ್ನು ಬೆಳೆಸುವುದು ಶ್ರಾವಕನಿಗೆ ತಕ್ಕುದೆ? ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದರು. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕು. ಆತ್ಮರಕ್ಷಣೆಗಾಗಿ ಅನಿವಾರ್ಯವಾಗುವ ವಿರೋಧೀ ಹಿಂಸೆ ಅವನ ಅಣುವ್ರತವನ್ನು ಭಂಗಗೊಳಿಸುವುದಿಲ್ಲ. ಹಾಗೆಂದು ಅದು ಪುಣ್ಯವೂ ಅಲ್ಲ.

ಬಾಹುಬಲಿಯನ್ನು ನೆನೆಯಿರಿ. ಉಭಯ ಸೇನೆಗಳ ಸಂಹಾರ ತಪ್ಪಲೆಂದು ಸೋದರರು ದೃಷ್ಟಿ, ಜಲ, ಮಲ್ಲಯುದ್ಧಗಳಿಗೆ ನಿಂತರು. ಪಂಪನು 941ರಲ್ಲಿ ರಚಿಸಿದ ಆದಿಪುರಾಣ ನಮ್ಮ ನಾಡಿನವರಿಗೆ ಈ ಕಥೆಯನ್ನು ಕನ್ನಡದಲ್ಲಿ ಕೊಟ್ಟಿತು. ಮಲ್ಲಯುದ್ಧದಲ್ಲಿ ಬಾಹುಬಲಿಯು ಅಣ್ಣನನ್ನು ಮೇಲೆತ್ತಿದನು, ಅಪ್ಪಳಿಸಲಿಲ್ಲ. ಎತ್ತುವ ತೋಳಿಲ್ಲದವನಿಗೆ ಇಳಿಸುವ ಕ್ಷಮೆ ಎಲ್ಲಿಂದ ಬರಬೇಕು? ಹೊಡೆಯಲಾರದವನು ಹೊಡೆಯದಿದ್ದರೆ ಅವನು ತ್ಯಜಿಸಿದ್ದಾದರೂ ಏನು? ಆ ಮಲ್ಲನ ದೇಹವೇ ಮುಂದೆ ಬಳ್ಳಿ ಹಬ್ಬುವವರೆಗೆ ಕಾಯೋತ್ಸರ್ಗದಲ್ಲಿ ನಿಂತಿತು. ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಸುಮಾರು 981ರಲ್ಲಿ ನಿಲ್ಲಿಸಿದ 57 ಅಡಿಯ ಮೂರ್ತಿಯಲ್ಲಿ ವಿಶಾಲವಾದ ಆ ಭುಜಗಳನ್ನು ಶಿಲ್ಪಿ ಮರೆಮಾಡಿಲ್ಲ.

ಆದರೆ ಈ ವಾದದಲ್ಲಿ ಒಂದು ಅಪಾಯವುಂಟು. ನಾವು ಬಾಹುಬಲಿಗಳಲ್ಲ. ಕೈಗೆ ಬಂದ ಬಲ ಪ್ರಯೋಗಕ್ಕೆ ಅವಕಾಶ ಹುಡುಕುತ್ತದೆ. ಕನ್ನಡಿಯ ಮುಂದೆ ಮಾನಕಷಾಯ ಬೆಳೆಯುತ್ತದೆ. ಅಂಗಡಿಯ ಬಂಡವಾಳದಂತೆ ದೇಹವೂ ಪರಿಗ್ರಹವಾದೀತು. ಪರಿಗ್ರಹಕ್ಕೆ ಪರಿಮಾಣವನ್ನು ಹಾಕಿಕೊಳ್ಳಬೇಕಾದುದು ಆಸೆ ಬೆಳೆಯುವ ಮೊದಲು, ಬೆಳೆದ ಮೇಲಲ್ಲ. ನಾಲ್ಕು ದಶಕ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ನಾನು ಇದನ್ನು ತಡವಾಗಿ ಕಲಿತೆನು.

ಆದುದರಿಂದ ಮೊಮ್ಮಗನಿಗೆ, “ಎಷ್ಟು ತೂಕವಾದರೆ ಸಾಕು? ಈಗಲೇ ಹೇಳು” ಎಂದೆನು. ಅವನು ಯೋಚಿಸಿ ಅರವತ್ತು ಎಂದನು. ಮೊದಲು ಕೈಯೆತ್ತುವುದಿಲ್ಲವೆಂದೂ ಮಾತು ಕೊಟ್ಟನು. ಆಮೇಲೆ, “ತಾತ, ಅಂಗಡಿಗೆ ನೀವು ಎಷ್ಟೆಂದು ಹಾಕಿಕೊಂಡಿದ್ದೀರಿ?” ಎಂದು ಕೇಳಿದನು.

ಆ ರಾತ್ರಿ ನಾನು ಉತ್ತರ ಕೊಡಲಿಲ್ಲ. ಮರುದಿನ ಲೆಕ್ಕದ ಪುಸ್ತಕವನ್ನು ತೆರೆದು, ಮೊದಲ ಪುಟದಲ್ಲಿ ಒಂದು ಮೊತ್ತವನ್ನು ಬರೆದು ಸಹಿ ಹಾಕಿದೆನು.