ಸ್ಕ್ರೂ ತಿರುಗಿಸಿದರೆ ಸಾಕಾ?

ಕಾರ್ಬೊರೇಟರ್ ಇರುವ ಹಳೇ ಬೈಕ್ ಓಡಿಸಿದವರಿಗೆ ಈ ಕಾಟ ಗೊತ್ತಿರುತ್ತೆ. ಆಕ್ಸಲರೇಟರ್ ಪೂರ್ತಿ ಬಿಟ್ಟಿದ್ದೀರಿ, ಗಾಡಿ ನ್ಯೂಟ್ರಲ್‌ನಲ್ಲಿ ನಿಂತಿದೆ, ಆದರೂ ಎಂಜಿನ್ ಕಿರುಚುತ್ತಲೇ ಇದೆ. ಗ್ಯಾರೇಜಿನವರ ಮಾತಲ್ಲಿ ಹೇಳೋದಾದರೆ, "ರೇಸ್ ಇಳೀತಿಲ್ಲ". ನಿಮಿಷಕ್ಕೆ ಸುಮಾರು 1,200-1,400 ಸುತ್ತು ತಿರುಗುತ್ತಾ ಸುಮ್ಮನಿರಬೇಕಾದ ಎಂಜಿನ್ 2,500 ದಾಟಿರುತ್ತೆ. ಇದಕ್ಕೆ ಹತ್ತು ಸೆಕೆಂಡಿನ ಉಪಾಯವೊಂದಿದೆ. ಕಾರ್ಬೊರೇಟರ್ ಪಕ್ಕದ ಐಡ್ಲಿಂಗ್ ಸ್ಕ್ರೂವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ಸದ್ದು ಅಡಗುತ್ತೆ. ನನ್ನ ಪ್ರಶ್ನೆ ಇರೋದು ಈ ಹತ್ತು ಸೆಕೆಂಡಿನ ಬಗ್ಗೆ. ಸದ್ದು ಅಡಗಿಸಿದ್ದನ್ನ ರಿಪೇರಿ ಅಂತ ಕರೆದು ದುಡ್ಡು ತಗೊಳ್ಳೋದು ಸರಿನಾ?

ಮೊದಲು ರೇಸ್ ಯಾಕೆ ಏರುತ್ತೆ ಅಂತ ನೋಡೋಣ. ಯಾರೋ ಸ್ಕ್ರೂವನ್ನೇ ಜಾಸ್ತಿ ತಿರುಗಿಸಿಟ್ಟಿರಬಹುದು. ಚೋಕ್ ಪೂರ್ತಿ ಇಳಿಯದೇ ಇರಬಹುದು. ಆಕ್ಸಲರೇಟರ್ ಕೇಬಲ್ ಬಿಗಿಯಾಗಿರಬಹುದು. ಹ್ಯಾಂಡಲ್ ಎಡಕ್ಕೆ ಬಲಕ್ಕೆ ತಿರುಗಿಸುವಾಗ ರೇಸ್ ಏರಿಳಿದರೆ ಅನುಮಾನ ಕೇಬಲ್ ಮೇಲೆ. ಇವ್ಯಾವುದೂ ಅಲ್ಲದಿದ್ದರೆ ಏರ್ ಲೀಕ್. ಪೆಟ್ರೋಲ್ ಪೂರ್ತಿ ಉರಿಯಲು 1 ಗ್ರಾಂಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟರೆ ಅಲ್ಲಿಂದ ಕಳ್ಳಗಾಳಿ ಒಳಗೆ ಹೋಗಿ ಈ ಲೆಕ್ಕ ತಪ್ಪುತ್ತೆ. ಎಂಜಿನ್ ಓಡುತ್ತಿರುವಾಗ ಆ ಜಾಯಿಂಟ್ ಮೇಲೆ ಸ್ವಲ್ಪ ನೀರು ಚಿಮುಕಿಸಿ ನೋಡಿ. ಸದ್ದು ಬದಲಾದರೆ ಕಳ್ಳ ಸಿಕ್ಕಿದ ಹಾಗೆ.

ಸ್ಕ್ರೂ ತಿರುಗಿಸಿದರೆ ಈ ಬಿರುಕು ಮುಚ್ಚೋದಿಲ್ಲ. ಅದು ಇದೆ ಅಂತ ಹೇಳುತ್ತಿದ್ದ ಸದ್ದು ಮಾತ್ರ ನಿಲ್ಲುತ್ತೆ. ಎಂಜಿನ್ ಬಿಸಿಯಾಗುತ್ತಲೇ ಇರುತ್ತೆ. ಹಳೇ ಯೆಜ್ಡಿಯಂಥ ಟೂ-ಸ್ಟ್ರೋಕ್ ಗಾಡಿಗಳಲ್ಲಿ ಇದು ಇನ್ನೂ ಅಪಾಯ. ಅವುಗಳಲ್ಲಿ ಆಯಿಲ್ ಪೆಟ್ರೋಲ್ ಜೊತೆಗೇ ಬೆರೆತು ಬರುತ್ತೆ, ಹಾಗಾಗಿ ಪೆಟ್ರೋಲಿನ ಪಾಲು ಕಮ್ಮಿಯಾದರೆ ಆಯಿಲಿನ ಪಾಲೂ ಕಮ್ಮಿ. ಒಂದು ದಿನ ಪಿಸ್ಟನ್ ಜಾಮ್. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು. ಈಗ ಆ ಗಾಡಿಗಳ ಜೀವ ಪೂರ್ತಿ ಗ್ಯಾರೇಜಿನವರ ಕೈಯಲ್ಲಿದೆ.

ಕೊಡಗಿನ ಬಾಳೆಲೆಯಂಥ ಊರನ್ನ ನೆನೆಸಿಕೊಳ್ಳಿ. ಸುತ್ತ ಕಾಫಿ ತೋಟ, ಗದ್ದೆ, ಆ ಕಡೆ ನಾಗರಹೊಳೆ ಕಾಡು. ತೋಟದ ರಸ್ತೆಯಲ್ಲಿ ಆನೆ ಎದುರಾಗೋದು ಅಲ್ಲಿನವರಿಗೆ ಹೊಸದಲ್ಲ. ಲೀಕ್ ಹಾಗೇ ಬಿಟ್ಟು ಸ್ಕ್ರೂ ಇಳಿಸಿದ ಗಾಡಿ ಎಂಜಿನ್ ತಣ್ಣಗಿದ್ದಾಗ ಪದೇ ಪದೇ ಆಫ್ ಆಗುತ್ತೆ. ಕತ್ತಲಲ್ಲಿ, ಆ ರಸ್ತೆಯಲ್ಲಿ, ಅದು ತಮಾಷೆಯ ವಿಷಯ ಅಲ್ಲ. ರೇಸ್ ಇಳಿಸದೇ ಬಿಟ್ಟರೂ ಕಷ್ಟ. ವಿರಾಜಪೇಟೆ ದಾಟಿ ಮಾಕುಟ್ಟ ಘಾಟಿ ಇಳಿಯುವಾಗ ಎಂಜಿನ್ನಿನ ಹಿಡಿತ ಕಮ್ಮಿಯಾಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತೆ.

ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಬರೆದ ನೀತಿಶಾಸ್ತ್ರದ ಪುಸ್ತಕದಲ್ಲಿ ಒಬ್ಬ ಅಂಗಡಿಯವನ ಉದಾಹರಣೆ ಬರುತ್ತೆ. ಏನೂ ಗೊತ್ತಿಲ್ಲದ ಮಗು ಬಂದರೂ ಅವನು ಎಲ್ಲರಿಗೂ ಹೇಳುವ ಬೆಲೆಯನ್ನೇ ಹೇಳುತ್ತಾನೆ. ಒಳ್ಳೇದೇ. ಆದರೆ ಅವನು ಹಾಗೆ ಮಾಡೋದು ಪ್ರಾಮಾಣಿಕತೆಗಾ, ಇಲ್ಲ ಅಂಗಡಿಯ ಹೆಸರು ಕೆಡಬಾರದು ಅಂತಲಾ? ಚಿಕ್ಕ ಊರಲ್ಲಿ ಮೆಕ್ಯಾನಿಕ್ ಜಾಸ್ತಿ ದುಡ್ಡು ಕಿತ್ತರೆ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತೆ. ಅಲ್ಲಿ ಹೆಸರಿನ ಭಯವೇ ಸಾಕು. ಆದರೆ ಸ್ಕ್ರೂ ವಿಷಯದಲ್ಲಿ ಆ ಭಯ ಕೆಲಸ ಮಾಡಲ್ಲ. ಗಾಡಿ ಮೂರು ತಿಂಗಳಾದ ಮೇಲೆ ಇನ್ನೆಲ್ಲೋ ನಿಲ್ಲುತ್ತೆ, ಯಾರೂ ಹಿಂದಿನ ಹತ್ತು ಸೆಕೆಂಡನ್ನ ನೆನೆಸಿಕೊಳ್ಳಲ್ಲ. ಗಿರಾಕಿ ಖುಷಿಯಾಗಿ ಥ್ಯಾಂಕ್ಸ್ ಬೇರೆ ಹೇಳಿ ಹೋಗಿರುತ್ತಾನೆ. ಸಿಕ್ಕಿಬೀಳುವ ಸಾಧ್ಯತೆಯೇ ಇಲ್ಲದ ಕಡೆ ಒಬ್ಬರು ಹೇಗೆ ಕೆಲಸ ಮಾಡ್ತಾರೆ ಅನ್ನೋದೇ ಕಾಂಟ್‌ನ ಪ್ರಶ್ನೆ.

"ಅಲ್ಲಾ ಸ್ವಾಮಿ, ಎಲ್ಲರ ಹತ್ರ ಟೈಮಿರುತ್ತಾ, ದುಡ್ಡಿರುತ್ತಾ?" ಅಂತ ನೀವು ಕೇಳಬಹುದು. ನ್ಯಾಯವೇ. ಸಂಜೆ ಆರು ಗಂಟೆ, ಹೊರಗೆ ಜೋರು ಮಳೆ, ಆ ರಬ್ಬರ್ ಸಿಗಬೇಕಾದರೆ ನಾಳೆ ಗೋಣಿಕೊಪ್ಪಲಿಗೇ ಹೋಗಬೇಕು. ಆಗ ಸ್ಕ್ರೂ ತಿರುಗಿಸಿ ಕಳಿಸೋದೇ ಬುದ್ಧಿವಂತಿಕೆ. ಆದರೆ ಅದರ ಜೊತೆ ಒಂದು ಮಾತು ಬೇಕು: "ಅಣ್ಣಾ, ಸದ್ಯಕ್ಕೆ ರೇಸ್ ಇಳಿಸಿದ್ದೀನಿ ಅಷ್ಟೇ. ಎಲ್ಲೋ ಗಾಳಿ ಎಳೀತಿದೆ. ದೂರ ಓಡಿಸಬೇಡಿ, ವಾರದೊಳಗೆ ತನ್ನಿ." ಸ್ಕ್ರೂ ಅದೇ, ತಿರುಗಿಸಿದ್ದೂ ಅಷ್ಟೇ. ಆದರೆ ಈ ಮಾತಿದ್ದರೆ ಅದು ತಾತ್ಕಾಲಿಕ ರಿಪೇರಿ, ಇಲ್ಲದಿದ್ದರೆ ಮೋಸ. ಯಾಕಂದ್ರೆ ಆ ಸದ್ದು ಗಾಡಿಯ ಮಾಲೀಕನಿಗೆ ಸೇರಿದ ಮಾಹಿತಿ. ಅದನ್ನ ಅಡಗಿಸುವವರು ಅದು ಹೇಳುತ್ತಿದ್ದದ್ದನ್ನ ತಾವೇ ಬಾಯಿಬಿಟ್ಟು ಹೇಳಬೇಕು.

ಬೆಂಗಳೂರಿನ ನಮಗೆ ಇದೆಲ್ಲ ಹಳೇ ಕಾಲದ ಕಥೆ ಅನ್ನಿಸಬಹುದು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಮೇಲೆ ಹೊಸ ಬೈಕುಗಳಲ್ಲಿ ಬಹುಪಾಲು ಫ್ಯೂಯಲ್ ಇಂಜೆಕ್ಷನ್ನೇ. ಆದರೆ ಸ್ಕ್ರೂ ಎಲ್ಲೂ ಹೋಗಿಲ್ಲ, ನಮ್ಮ ಮೇಜಿನ ಮೇಲಿದೆ. ರಾತ್ರಿ ಎರಡು ಗಂಟೆಗೆ ಸರ್ವರ್ ಅಲರ್ಟ್ ಬಂತು ಅಂತ ಅದರ ಮಿತಿಯನ್ನೇ ಏರಿಸಿ ಮಲಗುತ್ತೇವೆ. ಫೇಲ್ ಆಗುವ ಟೆಸ್ಟನ್ನು ಲಿಸ್ಟಿಂದ ತೆಗೆದು "ಎಲ್ಲ ಪಾಸ್" ಅಂತ ಮೇಲ್ ಹಾಕುತ್ತೇವೆ. ಟೀಮಲ್ಲಿ ಪದೇ ಪದೇ ಪ್ರಶ್ನೆ ಕೇಳುವ ಹುಡುಗಿಯನ್ನ ಬೇರೆ ಪ್ರಾಜೆಕ್ಟಿಗೆ ಹಾಕಿದರೆ ಮೀಟಿಂಗ್ ಶಾಂತವಾಗುತ್ತೆ. ಇವೆಲ್ಲ ಯಾವಾಗಲೂ ತಪ್ಪು ಅಂತ ನಾನು ಹೇಳ್ತಿಲ್ಲ. ನಿದ್ದೆಯೂ ಬೇಕು, ಡೆಡ್‌ಲೈನೂ ಇದೆ. ಆದರೆ "ಸದ್ಯಕ್ಕೆ ಸದ್ದು ನಿಲ್ಲಿಸಿದ್ದೀನಿ, ಕಾರಣ ಇನ್ನೂ ಸಿಕ್ಕಿಲ್ಲ" ಅನ್ನೋ ಒಂದು ಸಾಲನ್ನ ಬೆಳಗ್ಗೆ ಬರೆಯೋಕೆ ಎಷ್ಟು ಹೊತ್ತು ಬೇಕು? ಆ ಸಾಲು ಬರೆದರೆ ನಮ್ಮ ಮೇಲೇ ಕೆಲಸ ಬೀಳುತ್ತೆ, ಅದಕ್ಕೇ ಅದು ಕಷ್ಟ. ನಮ್ಮ ಕೆಲಸವನ್ನ ಪರೀಕ್ಷಿಸಿ ನೋಡಲಾಗದವರು ಆ ಗಾಡಿ ಏರಿ ಘಾಟಿ ಇಳೀತಾರೆ ಅನ್ನೋದು ನೆನಪಿದ್ದರೆ, ಬಹುಶಃ ಬರೆದೇವು.